ಬಾಗಿಲ ಗೋಡೆಯ ಗೂಡು

ಗೋಡೆಯ ತುಂಬ ಬೆರಳುಗಳು, ನೆಲದಿಂದ ಮೂರಡಿ ಮೇಲೆ ಶುರುವಾಗಿ ಕಿಟಕಿಯ ಚೌಕಟ್ಟಿನವರೆಗೂ, ಹೆಬ್ಬೆಟ್ಟು ಒತ್ತಿದವರೆಲ್ಲ ಉಳಿದ ಮಸಿಯನ್ನು ಒರೆಸಿ ಒರೆಸಿ ತಾಲ್ಲೂಕು ಕಚೇರಿಯ ಸುಣ್ಣದ ಗೋಡೆ ಇಲ್ಲಿ ನೀಲಿ, ಅಲ್ಲಿ ಕಪ್ಪು, ಕೆಲವು ಉದ್ದಕ್ಕೆ ಎಳೆದದ್ದು, ಕೆಲವು ಬರೀ ಚುಕ್ಕೆ, ಒಂದು ತೀರ ಚಿಕ್ಕದು, ಯಾರೋ ಹೆಂಗಸಿನದೇ ಇರಬೇಕು — ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಾರೆ, ಮತ್ತೆ ಬಂದು ಒರೆಸುತ್ತಾರೆ, ನಾನು ಸಹಿ ಹಾಕುವವಳು, ನನ್ನ ಬೆರಳು ಇಲ್ಲಿಲ್ಲ, ಆದರೂ ಬಲಗೈಯ ತೋರುಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದೇನೆ, ಬೆಳಗಿನಿಂದ ಎಷ್ಟನೇ ಸಲವೋ, ಅದರಲ್ಲಿ ಏನೂ ಇಲ್ಲ, ಭಾನುವಾರವೇ ಸೀಗೆಪುಡಿ ಹಾಕಿ ಉಜ್ಜಿ ತೊಳೆದಾಯಿತು. ಶ್ಯಾಮಲಮ್ಮ ಟೀಚರ್ ಅಂದ್ರೆ ನೀವೇನಾ, ಸಾಹೇಬ್ರು ಫೈಲ್ ನೋಡ್ತಾವ್ರೆ, ಕರೀತಾರೆ ಕೂತ್ಕಳಿ, ಎಂದು ಜವಾನ ಆಂಜಿನಪ್ಪ ಒಳಗೆ ಹೋಗಿ ಒಂದು ಗಂಟೆಯಾಯಿತು. ಹೊರಗೆ ಮಾವಿನ ಮಂಡಿಯ ಲಾರಿ ಹಿಂದಕ್ಕೆ ಬರುತ್ತಿದೆ, ಬರಲಿ ಬರಲಿ ಎಂದು ಯಾರೋ ತಗಡು ತಟ್ಟುತ್ತಿದ್ದಾನೆ, ಮೇ ತಿಂಗಳಲ್ಲಿ ಶ್ರೀನಿವಾಸಪುರಕ್ಕೆಲ್ಲ ಒಂದೇ ವಾಸನೆ, ಹುಲ್ಲಿನಲ್ಲಿ ಮುಚ್ಚಿಟ್ಟ ಕಾಯಿಯ ಸೊನೆಯದು. ಪಕ್ಕದಲ್ಲಿ ಕದಿರಪ್ಪ ಕೂತಿದ್ದಾನೆ, ಎಪ್ಪತ್ತು ದಾಟಿದ ಮುದುಕ, ಹೆಗಲ ಮೇಲೆ ಒಗೆದ ಟವಲು, ತೊಡೆಯ ಮೇಲೆ ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಕತ್ತರಿಸಿ ಮಾಡಿದ ಕವರು, ಕವರಿನಲ್ಲಿ ನಾಲ್ಕು ಹಾಳೆ, ವಾರಪತ್ರಿಕೆಯಿಂದ ಹರಿದದ್ದು, ನನ್ನ ಕಥೆ. ಅವನ ಊರು ನಲ್ಲಗುಟ್ಟಪಲ್ಲಿ, ರಾಯಲ್ಪಾಡಿನಿಂದ ಆಚೆಗೆ, ಆಂಧ್ರದ ಗಡಿಗೆ ಒಂದು ಗುಡ್ಡ ಇತ್ತಲಾಗಿ, ಹನ್ನೊಂದು ಮನೆ, ಆದರೆ ಸರ್ಕಾರದ ಪುಸ್ತಕದಲ್ಲಿ ನೂರು ವರ್ಷದಿಂದ ಆ ಊರಲ್ಲಿ ಯಾರೂ ಇಲ್ಲ, ಯಾರೂ ಇಲ್ಲದ ಜಾಗ ಎಂದಮೇಲೆ ನೀಲಗಿರಿ ಹಾಕುವ ಪಟ್ಟಿಗೆ ಸೇರಿತು, ಸಾಲಾಗಿ ಗುಂಡಿ ತೋಡುತ್ತಾ ಬಂದವರು ಕದಿರಪ್ಪನ ಹೊಸಿಲಿನ ಮುಂದೆಯೂ ಒಂದು ತೋಡಿ ಹೋದರು. ಹತ್ತು ವರ್ಷದ ಹಿಂದೆಯೇ ಜನ ಇದ್ದರು ಎಂದು ತೋರಿಸಿದರೆ ಊರು ಉಳಿಯುತ್ತದೆ, ಇಲ್ಲದಿದ್ದರೆ ಮಳೆ ಬಿದ್ದ ಮೇಲೆ ಸಸಿ. ತೋರಿಸಲು ಅವರ ಹತ್ತಿರ ಒಂದು ಚೂರು ಕಾಗದವಿಲ್ಲ, ಇರುವುದು ಊರಿನ ಹೆಸರು ಅಚ್ಚಾದ ನನ್ನ ಈ ನಾಲ್ಕು ಹಾಳೆ. ಅಚ್ಚಾಗಿದೆಯಲ್ಲ ಟೀಚರಮ್ಮ, ಅಚ್ಚಾಗಿರೋದು ಸುಳ್ಳಾಗ್ತದಾ, ಎನ್ನುತ್ತಾನೆ ಕದಿರಪ್ಪ, ಅದಕ್ಕೇ ನನ್ನನ್ನು ಕರೆಸಿದ್ದಾರೆ, ಬರೆದದ್ದು ನಿಜವೋ ಅಲ್ಲವೋ ಎಂದು ಹೇಳಿಕೆ ಕೊಡಬೇಕು.

ತಪ್ಪು ನನ್ನದಲ್ಲ, ಪದದ್ದು. ಬೇಚರಾಕ್. ಕಂದಾಯದವರ ಬಾಯಲ್ಲಿ ದಿನಾ ಓಡಾಡುವ ಪದ, ಜನ ಬಿಟ್ಟುಹೋದ ಊರು ಎಂದಷ್ಟೇ ನನಗೂ ಗೊತ್ತಿದ್ದದ್ದು, ನಮ್ಮ ಶಾಲೆಯ ಉರ್ದು ಮೇಷ್ಟ್ರು ಒಂದು ದಿನ ಚಾ ಕುಡಿಯುತ್ತಾ, ಅದು ಬೇ ಚಿರಾಗ್ ಅಲ್ವಾ ಮೇಡಂ, ಚಿರಾಗ್ ಅಂದ್ರೆ ದೀಪ, ಬೇ ಅಂದ್ರೆ ಇಲ್ಲ, ಎಂದರು, ಅಷ್ಟೇ, ಲೋಟ ಕೆಳಗಿಡುವ ಹೊತ್ತಿಗೆ ಕಥೆ ಬಂದು ಕೂತಿತ್ತು — ನೂರು ವರ್ಷದ ಹಿಂದೆ ಊರು ಅಳೆಯಲು ಹಗಲು ಹೊತ್ತಿನಲ್ಲಿ ಬಂದ ಸರ್ವೆಯ ಬಿಳಿ ದೊರೆ ದೀಪ ಇಲ್ಲ ಎಂದು ಹೇಗೆ ಬರೆದ, ಹಗಲಲ್ಲಿ ಯಾರು ದೀಪ ಹಚ್ಚುತ್ತಾರೆ. ಆಗ ಹೊರಬೀಡು ನೆನಪಾಯಿತು, ಊರಿಗೆ ಕಾಯಿಲೆ ಬಂದಾಗ ಒಂದು ದಿನ ಊರಿಗೆ ಊರೇ ಒಲೆ ಆರಿಸಿ, ಕದ ಹಾಕಿ, ದನಕರು ಹೊಡೆದುಕೊಂಡು ಆಚೆ ತೋಪಿಗೆ ಹೋಗುವುದು, ಅಲ್ಲೇ ಅಡುಗೆ, ಅಲ್ಲೇ ಊಟ, ಹೊತ್ತು ಮುಳುಗಿದ ಮೇಲೆ ವಾಪಸು, ಅಲ್ಲಿಯವರೆಗೆ ಊರೊಳಗೆ ಒಂದು ಕಿಡಿ ಉಳಿದರೂ ಅಮ್ಮ ಮುನಿಯುತ್ತಾಳೆ. ದೊರೆ ಅವತ್ತೇ ಬಂದ. ಕುದುರೆ, ಹಿಂದೆ ಸರಪಳಿ ಹೊತ್ತವರು, ಮುಚ್ಚಿದ ಕದಗಳು, ತಣ್ಣಗಿನ ಒಲೆಗಳು, ಕೂಗಿದರೆ ಓ ಎನ್ನುವವರಿಲ್ಲ, ಒಂದು ಬಾಗಿಲ ಸಂದಿಯಿಂದ ಇಣುಕಿಯೂ ನೋಡಿದ, ಏನೂ ಕಾಣಲಿಲ್ಲ, ಬೇಚರಾಕ್ ಎಂದು ಬರೆಸಿದ, ಹೋದ. ಆ ಬಾಗಿಲ ಹಿಂದೆ ಮುನಿಯಲ್ಲಮ್ಮ ಇದ್ದಳು, ಬೆಳಗ್ಗೆ ನೋವು ಬಂದು ಊರ ಜೊತೆ ಹೋಗಲಾರದೆ ಉಳಿದವಳು, ಮಗು ಹುಟ್ಟಿದೆ, ಬಾಣಂತಿಯ ಕೋಣೆಯ ದೀಪ ಆರಬಾರದು, ಹೊರಬೀಡಿನ ದಿನ ದೀಪ ಉರಿಯಬಾರದು, ಎರಡೂ ಹಿರಿಯರು ಹೇಳಿದ ಮಾತೇ, ಅವಳು ಮಗುವಿನ ಕಡೆ ನಿಂತಳು, ಗೂಡಿನಲ್ಲಿ ಹಣತೆ ಹಚ್ಚಿ, ಗೂಡಿನ ಮಸಿ ಬೆರಳಿಗೆ ತೆಗೆದು ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು. ಆಮೇಲೆ ಊರವರಿಗೆ ದೊರೆ ಬರೆದದ್ದು ತಿಳಿದರೂ ತಿದ್ದಿಸಲಾಗಲಿಲ್ಲ, ದೀಪ ಇತ್ತು ಎಂದರೆ ಹೊರಬೀಡು ಕೆಟ್ಟಿತು ಎಂದು ಒಪ್ಪಿಕೊಂಡ ಹಾಗೆ, ಮುನಿಯಲ್ಲಮ್ಮನ ಮಾನ ಹೋಗುತ್ತದೆ, ಇರಲಿ ಬಿಡು, ಪುಸ್ತಕದಲ್ಲಿ ಇಲ್ಲ ಎಂದರೆ ನಾವು ಇಲ್ಲವಾಗುತ್ತೀವಾ, ಎಂದು ಸುಮ್ಮನಾದರು. ಅಷ್ಟೇ ಕಥೆ. ಎಪ್ಪತ್ತೊಂಬತ್ತರಲ್ಲಿ ವಾರಪತ್ರಿಕೆಯಲ್ಲಿ ಬಂತು, ಕಾಲುಗಳೇ ಗೇಣುದ್ದ ಇರುವ ಒಂದು ಹೆಂಗಸಿನ ಚಿತ್ರ ಹಾಕಿದ್ದರು, ಬಾಣಂತಿಗೆ ಲಿಪ್‌ಸ್ಟಿಕ್ಕು ಬೇರೆ. ನಾನು ಮರೆತೆ, ಊರು ಮರೆಯಲಿಲ್ಲ, ಒಂದು ವರ್ಷದ ಮೇಲೆ ಮುಳಬಾಗಿಲಿನ ಬಸ್ಸಿನಲ್ಲಿ ಒಬ್ಬ ಹೆಂಗಸು ನನಗೇ ನನ್ನ ಕಥೆ ಹೇಳಿದಳು, ನಮ್ಮ ಕಡೆ ನಡೆದಿದ್ದು ಕಣಮ್ಮ, ದೊರೆ ಕುದ್ರೆ ಅದೇ ಬಾಗ್ಲ ಮುಂದೆ ಮುಗ್ಗರಿಸ್ತಂತೆ, ಎಂದು. ನಾನು ಮುಗ್ಗರಿಸುವ ಕುದುರೆಯನ್ನು ಬರೆದಿರಲಿಲ್ಲ, ಆದರೆ ಈಗ ಕಣ್ಣು ಮುಚ್ಚಿದರೆ ಅದು ಮುಗ್ಗರಿಸುತ್ತದೆ, ಬಲಗಾಲು. ಕದಿರಪ್ಪ ಮೊದಲು ಮನೆಗೆ ಬಂದಾಗ ನಮ್ಮಜ್ಜಿ ಹೆಸ್ರು ಚಿಕ್ಕಗಂಗಮ್ಮ ಅಂದಿದ್ದ, ಎರಡನೇ ಸಲ ಬಂದಾಗ ಮುನಿಯಲ್ಲಮ್ಮ ಆಗಿದ್ದಳು, ಕಥೆಯಲ್ಲಿ ಹುಟ್ಟಿದ ಮಗು ಅವನ ಅಪ್ಪ. ನಾನು ಮುಖ ನೋಡಿದೆ, ಅವನು ಕಣ್ಣು ತಪ್ಪಿಸಲಿಲ್ಲ, ಮನೇಲಿ ಕರೆಯೋ ಹೆಸ್ರು ಬೇರೆ ಇರ್ತದಲ್ಲ ಟೀಚರಮ್ಮ, ಎಂದ. ಇರುತ್ತದೆ ಎಂದು ನಾನೂ ತಲೆ ಆಡಿಸಿದೆ.

ಲಾರಿ ನಿಂತಿತು, ತಗಡಿನ ಸದ್ದೂ ನಿಂತಿತು, ಒಳಗೆ ಗುಮಾಸ್ತ ಚನ್ನರಾಯಪ್ಪ ಠಪ್ ಠಪ್ ಎಂದು ಮೊಹರು ಒತ್ತುತ್ತಿದ್ದಾನೆ. ಏನು ಹೇಳಲಿ. ಕಲ್ಪನೆ ಎಂದರೆ ಹನ್ನೊಂದು ಮನೆ ಹೋಯಿತು, ನಿಜ ಎಂದರೆ ಸರ್ಕಾರಿ ಶಾಲೆಯ ಟೀಚರು ಸರ್ಕಾರದ ಮುಂದೆ ಸುಳ್ಳು ಬರೆದುಕೊಟ್ಟ ಹಾಗೆ, ಇನ್ನು ನಾಲ್ಕು ವರ್ಷ ಸರ್ವೀಸು, ಅಡಕತ್ತರಿ ಅಂದರೆ ಇದೇ. ಅದಕ್ಕೇ ಭಾನುವಾರ ನೋಡಿಬರಲು ಹೋದದ್ದು, ಕಥೆ ಬರೆದು ಐದು ವರ್ಷದ ಮೇಲೆ ಕಥೆಯ ಊರಿಗೆ, ರಾಯಲ್ಪಾಡಿನಲ್ಲಿ ಬಸ್ಸು ಇಳಿದು ಕದಿರಪ್ಪನ ಹಿಂದೆ ಎರಡು ಮೈಲಿ, ಗುಡ್ಡದ ತಪ್ಪಲು, ಟೊಮ್ಯಾಟೊ ಬಳ್ಳಿಗೆ ನೆಟ್ಟ ಕೋಲುಗಳು, ಹುಣಸೆಮರ, ಗುಂಡಿಗಳು, ಎಷ್ಟು ಅಚ್ಚುಕಟ್ಟಾದ ಗುಂಡಿಗಳು, ಹೆಂಗಸರು ಒಂದೊಂದು ಬಾಗಿಲಲ್ಲೂ ನಿಂತು, ಕಥೆ ಅಮ್ಮ ವಚ್ಚಿಂದಿ, ಕಥೆ ಅಮ್ಮ ಬಂದಳು ಎಂದು ಪಿಸುಗುಡುತ್ತಾ, ಮಜ್ಜಿಗೆ ತಂದುಕೊಟ್ಟು, ಯಾರೂ ಏನೂ ಕೇಳದೆ ನನ್ನ ಕೈಯನ್ನೇ ನೋಡುತ್ತಾ ನಿಂತರು, ಬರೆಯುವ ಕೈಯನ್ನು. ಊರ ಕೊನೆಗೆ ಅರ್ಧ ಬಿದ್ದ ಒಂದು ಹಳೇ ಮನೆ, ಸುಣ್ಣ ಬಳಿದ ಮಣ್ಣಿನ ಗೋಡೆ ಮೊಳ ದಪ್ಪ, ಇದೇ ಟೀಚರಮ್ಮ ನೀವು ಬರ್ದಿರೋ ಮನೆ, ನಾನು ತಲೆ ಬಗ್ಗಿಸಿ ಒಳಗೆ ಹೋದೆ, ಎದುರು ಗೋಡೆ ನೋಡಿದೆ, ಬೋಳು, ಎಡಗೋಡೆ ಬೋಳು, ಬಲಗೋಡೆಯಲ್ಲಿ ಒಂದು ಗೂಟ, ಗೂಡಿಲ್ಲ. ನಿಜ ಹೇಳುತ್ತೇನೆ, ಸಮಾಧಾನವೇ ಆಯಿತು, ಕಥೆ ಕಥೆಯ ಜಾಗದಲ್ಲಿದೆ, ನಾನು ನನ್ನ ಜಾಗದಲ್ಲಿದ್ದೇನೆ, ಕಲ್ಪನೆ ಎಂದು ಹೇಳಿ ಮನೆಗೆ ಹೋಗಬಹುದು, ಅಷ್ಟರಲ್ಲಿ ಕದಿರಪ್ಪ ಹೊರಗಿನಿಂದಲೇ, ತಿರುಗಿ ನೋಡಿ ಟೀಚರಮ್ಮ, ಎಂದ. ತಿರುಗಿದೆ. ಬಾಗಿಲು ಇದ್ದ ಗೋಡೆಯಲ್ಲೇ, ಬಾಗಿಲ ಪಕ್ಕಕ್ಕೇ, ಒಳಮುಖವಾಗಿ ಗೂಡು, ಅಂಗೈಯಗಲ, ಗೂಡಿನ ಮೇಲಕ್ಕೆ ಗೋಡೆಯೆಲ್ಲ ಕಪ್ಪು, ಬೆರಳಿಟ್ಟು ಎಳೆದೆ, ಬೆರಳ ತುದಿ ಕಪ್ಪಾಯಿತು, ಬೆರಳು ಎಳೆದ ಕಡೆ ಗೋಡೆ ಬಿಳಿ ಗೀರಾಗಿ ಕಂಡಿತು, ಮೂಗಿಗೆ ಹಿಡಿದರೆ ಹರಳೆಣ್ಣೆ. ದೀಪ ಹಚ್ತೀರಾ ಇಲ್ಲಿ. ದಿನಾ ಹಚ್ತೀವಿ. ಯಾವಾಗಿಂದ ಕದಿರಪ್ಪ. ಅವನು ಟವಲು ಹೆಗಲು ಬದಲಾಯಿಸಿದ, ಯಾವಾಗಿಂದ ಅಂದ್ರೆ ಏನೇಳ್ಲಿ, ಮೊದ್ಲಿಂದಾನೂ. ನನ್ನ ಕಥೆ ಓದಿಸಿಕೊಂಡು ಕೇಳಿದ ಮೇಲೆ ಹಚ್ಚಲು ಶುರು ಮಾಡಿದನೋ, ಅವನ ಅಜ್ಜಿಯ ಕಾಲದಿಂದ ಹಚ್ಚುತ್ತಿದ್ದರೋ, ಐದು ವರ್ಷದ ಮಸಿ ಯಾವುದು, ನೂರು ವರ್ಷದ ಮಸಿ ಯಾವುದು, ಬೆರಳಿಗೆ ಎರಡೂ ಒಂದೇ ಥರ ಹತ್ತುತ್ತವೆ.

ಗೂಡು ಎಲ್ಲಿಂದ ಬಂತು ನನ್ನ ಕಥೆಗೆ ಎಂದರೆ ಜೇಜಿಯಿಂದ, ಅಜ್ಜಿಯನ್ನು ನಮ್ಮ ಕಡೆ ಜೇಜಿ ಎನ್ನುವುದು, ನಮ್ಮಪ್ಪನ ತಾಯಿ ದೊಡ್ಡಗಂಗಮ್ಮ, ಸಾಯಂಕಾಲ ಊರಿನವರೆಲ್ಲ ಲಕ್ಷ್ಮಿ ಬರಲಿ ಎಂದು ತಲೆಬಾಗಿಲು ತೆಗೆದು ದೀಪ ಹಚ್ಚಿದರೆ ಅವಳು ಬಾಗಿಲು ಹಾಕಿ ಹಚ್ಚುತ್ತಿದ್ದಳು, ಹಚ್ಚಿ, ಸ್ವಲ್ಪ ಹೊತ್ತು ಕೂತು, ಆಮೇಲೆ ತೆಗೆಯುವುದು, ಯಾಕೆ ಜೇಜಿ ಎಂದರೆ, ಊರ್ಕೋಮ್ಮಾ, ಸುಮ್ಮನಿರು, ಎಂದು ಮಸಿ ಬೆರಳಲ್ಲಿ ನನ್ನ ಕೆನ್ನೆ ತಿವಿಯುವುದು, ಅವಳ ತವರು ರಾಯಲ್ಪಾಡಿನ ಕಡೆ, ಯಾವ ಊರು ಎಂದು ನಾನು ಕೇಳಲಿಲ್ಲ, ಕೇಳುವ ವಯಸ್ಸು ಬರುವ ಹೊತ್ತಿಗೆ ಅವಳಿರಲಿಲ್ಲ — ಇಗೋ, ಇದನ್ನೇ ಹೇಳಬಹುದಲ್ಲ, ನಮ್ಮ ಜೇಜಿ ಆ ಊರಿನವಳು, ಅವಳು ಹೇಳಿದ್ದನ್ನೇ ಬರೆದೆ, ಎಂದು, ಸತ್ತವಳನ್ನು ಯಾರು ಕರೆಸುತ್ತಾರೆ. ಆದರೆ ಬಾಗಿಲು ಹಾಕಿ ದೀಪ ಹಚ್ಚುವುದು ಕಥೆಯಲ್ಲೂ ಇದೆ, ಮುನಿಯಲ್ಲಮ್ಮ ಮುದುಕಿಯಾದ ಮೇಲೂ ಹಾಗೇ ಹಚ್ಚುತ್ತಿದ್ದಳು ಎಂದು ಕೊನೆಗೆ ಬರೆದಿದ್ದೇನೆ, ಈಗ ಯೋಚಿಸಿದರೆ ಯಾರು ಮೊದಲು ಬಾಗಿಲು ಹಾಕಿದವರು ಎಂದು ಗೊತ್ತಾಗುತ್ತಿಲ್ಲ, ಜೇಜಿಯನ್ನು ನೋಡಿ ಮುನಿಯಲ್ಲಮ್ಮನನ್ನು ಬರೆದೆನೋ, ಮುನಿಯಲ್ಲಮ್ಮನನ್ನು ಬರೆದ ಮೇಲೆ ಜೇಜಿ ಹಾಗೆ ಮಾಡುತ್ತಿದ್ದಳು ಎಂದು ನೆನಪು ಮಾಡಿಕೊಂಡೆನೋ, ಅಪ್ಪ ಇದ್ದಿದ್ದರೆ ಕೇಳಬಹುದಿತ್ತು. ಜೇಜಿಯ ಮುಖ ನೆನೆದರೆ ಆ ವಾರಪತ್ರಿಕೆಯ ಚಿತ್ರ ಬರುತ್ತದೆ, ಥೂ, ಲಿಪ್‌ಸ್ಟಿಕ್ಕಿನ ಸಮೇತ. ಹೋಗಲಿ, ಮನಸ್ಸಿನಲ್ಲಿ ಏನೆಲ್ಲ ಕಲೆಸಿಹೋಗಿದ್ದರೂ ಕಲೆಸದೆ ಉಳಿದದ್ದು ಒಂದಿದೆ, ಎಪ್ಪತ್ತೊಂದು, ಅದು ಈಗ ಬೇಡ, ಅದನ್ನು ಯಾರೂ ಕೇಳಿಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ನಾನು ಬೆರಳು ಒರೆಸಿಕೊಳ್ಳುತ್ತಿದ್ದೇನೆ, ಕದಿರಪ್ಪ ನೋಡುತ್ತಿದ್ದಾನೆ, ಏನಾಯ್ತು ಟೀಚರಮ್ಮ, ಮುಳ್ಳಾ. ಇಲ್ಲಪ್ಪ, ಏನಿಲ್ಲ. ಎಪ್ಪತ್ತೊಂದರ ಮಾರ್ಚಿ, ಜನಗಣತಿ, ಟೀಚರುಗಳಿಗೆಲ್ಲ ಡ್ಯೂಟಿ, ನಾನಾಗ ರಾಯಲ್ಪಾಡಿನ ಶಾಲೆಯಲ್ಲಿ, ಕೈಗೆ ಕೊಟ್ಟ ಊರುಗಳ ಪಟ್ಟಿಯಲ್ಲಿ ಕೊನೆಯ ಹೆಸರು ನಲ್ಲಗುಟ್ಟಪಲ್ಲಿ, ಮುಂದೆ ಬೇಚರಾಕ್ ಎಂದು ಆಗಲೇ ಬರೆದಿತ್ತು, ಆ ಪದವನ್ನು ನಾನು ಮೊದಲು ನೋಡಿದ್ದೇ ಅಲ್ಲಿ, ಪಕ್ಕದ ಹಳ್ಳಿ ಮುಗಿಸಿ ಕೆರೆ ಏರಿಯ ಮೇಲೆ ನಿಂತಿದ್ದೆ, ಚಪ್ಪಲಿಯ ಬಾರು ಕಿತ್ತುಹೋಗಿತ್ತು, ಕೊನೆಯ ಬಸ್ಸು ಐದೂವರೆಗೆ, ಗುಡ್ಡದ ಕೆಳಗೆ ಹೊಗೆ ಕಂಡಿತು, ಒಂದಲ್ಲ, ಮೂರು ಎಳೆ, ಒಲೆಯ ಹೊಗೆ, ಕುರುಬರ ಬೆಂಕಿ ಎಂದುಕೊಂಡೆ, ಕುರುಬರ ಬೆಂಕಿ ಮೂರು ಕಡೆ ಒಂದೇ ಸಮನೆ ಏಳುವುದಿಲ್ಲ ಎಂದು ಹಳ್ಳಿಯಲ್ಲಿ ಬೆಳೆದ ನನಗೆ ಗೊತ್ತಿತ್ತು, ಪಟ್ಟಿಯಲ್ಲೇ ಜನ ಇಲ್ಲ ಎಂದಿದ್ದಮೇಲೆ ನನಗೇನು, ಏರಿಯ ಕಲ್ಲಿನ ಮೇಲೆ ಕೂತು ಆ ಸಾಲಿನ ಮುಂದೆ ಸೊನ್ನೆ ಬರೆದೆ. ನನ್ನ ಅಕ್ಷರ ದುಂಡಗೆ, ಎಲ್ಲರೂ ಹೊಗಳುತ್ತಾರೆ, ಸೊನ್ನೆಯೂ ದುಂಡಗೇ ಬಂತು.

ಶ್ಯಾಮಲಮ್ಮ, ಕದಿರಪ್ಪ, ಒಳಗ್ ಬನ್ನಿ, ಎಂದು ಆಂಜಿನಪ್ಪ ಕರೆದ. ಒಳಗೆ ಫ್ಯಾನು ತಿರುಗುತ್ತಿದೆ, ಕಾಗದಗಳ ಮೇಲೆ ಒಂದೊಂದು ಕಲ್ಲು, ತಹಸೀಲ್ದಾರರು ಚಿಕ್ಕ ವಯಸ್ಸಿನವರು, ಕನ್ನಡಕ ಒರೆಸಿಕೊಂಡು ಕೂತ್ಕೊಳ್ಳಿ ಮೇಡಂ ಎಂದರು, ಕದಿರಪ್ಪ ನಿಂತೇ ಇದ್ದಾನೆ, ನನ್ನ ಕಥೆ ಅವರ ಮುಂದಿದೆ, ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ, ನಾನು ಮಕ್ಕಳ ಪುಸ್ತಕಕ್ಕೆ ಎಳೆಯುವ ಹಾಗೆ. ಚೆನ್ನಾಗಿದೆ ಮೇಡಂ, ನಮ್ಮನೆಯವ್ರೂ ಓದಿದ್ರು, ಅತ್ತರು, ಆದ್ರೆ ಒಂದು ಅನುಮಾನ, ಬಾಗ್ಲ ಸಂದಿಯಿಂದ ದೊರೆ ಇಣುಕಿ ನೋಡ್ದ ಅಂತ ನೀವೇ ಬರ್ದಿದೀರ, ಅಷ್ಟು ಚಿಕ್ಕ ಮನೆ, ಒಳಗೆ ದೀಪ ಇದ್ದಿದ್ರೆ ಕಾಣ್ತಿರ್ಲಿಲ್ವೇ. ಐದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಸಂಪಾದಕರೂ ಕೇಳಿರಲಿಲ್ಲ, ಬರೆದ ನನಗೂ ಹೊಳೆದಿರಲಿಲ್ಲ, ಕಥೆಯಲ್ಲಿ ಎಲ್ಲರಿಗೂ ಕಾಣುವಂಥ ತೂತು, ಆದರೆ ನನ್ನ ಬಾಯಿ ನನಗಿಂತ ಮೊದಲು, ಕಾಣಲ್ಲ ಸಾರ್, ಎಂದಿತು, ಗೂಡು ಬಾಗಿಲ ಗೋಡೆಯಲ್ಲೇ ಇದೆ, ಒಳಮುಖಕ್ಕೆ, ಹೊರಗಿಂದ ನೋಡೋರಿಗೆ ಕಾಣಲ್ಲ, ಒಳಗೆ ಕೂತೋರಿಗೆ ಮಾತ್ರ. ಅವರು ಕನ್ನಡಕದ ಮೇಲಿನಿಂದ ನೋಡಿದರು, ಕಥೇಲಿ ಹಾಗೆ ಬರ್ದಿಲ್ವಲ್ಲ. ಇಲ್ಲ ಸಾರ್, ಕಥೇಲಿ ಇಲ್ಲ, ಮನೇಲಿ ಇದೆ. ಕದಿರಪ್ಪ ಉಸಿರು ಬಿಟ್ಟದ್ದು ಕೇಳಿಸಿತು. ಸರಿ ಮೇಡಂ, ಗೂಡು ಇದ್ರೆ ಒಂದು ಕಾಲದಲ್ಲಿ ಮನೆ ಇತ್ತು ಅಂತಾಯ್ತು, ಮಧ್ಯದಲ್ಲಿ ಜನ ಇದ್ರಾ ಅನ್ನೋದಕ್ಕೆ ನಾನು ಕಥೆ ಇಟ್ಕೊಂಡು ಆರ್ಡರ್ ಬರೆಯೋಕಾಗಲ್ಲ, ಎಪ್ಪತ್ತೊಂದರ ಜನಗಣತೀಲೂ ಸೊನ್ನೆ ಇದೆ, ಯಾರೋ ಹೋಗಿ ನೋಡಿಯೇ ಬರ್ದಿರ್ತಾರಲ್ಲ, ಎಂದು ಇನ್ನೊಂದು ಫೈಲಿನ ದಾರ ಬಿಚ್ಚಿದರು, ಹಾಳೆ ತಿರುಗಿಸಿದರು, ಆ ಸಾಲು, ಆ ಸೊನ್ನೆ, ತಲೆಕೆಳಗಾಗಿ ಕಂಡರೂ ದುಂಡಗೇ ಇದೆ. ಈಗ ಬಾಯಿ ಮುಚ್ಚಿಕೊಂಡರೆ ಆಯಿತು, ಪಾಪ ಟೀಚರಮ್ಮ ಆದಷ್ಟು ಹೇಳಿದಳು ಎಂದು ಕದಿರಪ್ಪನೂ ಹರಸುತ್ತಾನೆ, ತಪ್ಪೆಲ್ಲ ಸತ್ತುಹೋದ ಆ ದೊರೆಯ ಮೇಲೆ, ಕುದುರೆ, ಸರಪಳಿ, ಹೊರಬೀಡು, ಎಲ್ಲವನ್ನೂ ಚೆನ್ನಾಗಿ ಜೋಡಿಸಿ ಅವನ ತಲೆಗೆ ಕಟ್ಟಿದ್ದೇನೆ, ಇಣುಕಿ ನೋಡಿದರೂ ಕಾಣಲಿಲ್ಲ ಎಂದು ಬರೆದಿದ್ದೇನೆ, ಅವನಾದರೂ ಇಣುಕಿದ, ನಾನು ಕೆರೆ ಏರಿಯಿಂದ ಇಳಿಯಲಿಲ್ಲ, ನನಗೆ ಹೊಗೆ ಕಂಡಿತ್ತು — ತಿರುಗಿ ನೋಡಿ ಟೀಚರಮ್ಮ — ಸಾರ್, ಯಾರೂ ಹೋಗಿ ನೋಡಿಲ್ಲ, ಎಂದೆ. ಏನು. ಆ ಸೊನ್ನೆ ನಾನೇ ಬರೆದಿದ್ದು ಸಾರ್, ಅದು ನನ್ನ ಅಕ್ಷರ, ನಾನು ಆ ಊರಿಗೆ ಹೋಗಲಿಲ್ಲ, ಏರಿ ಮೇಲಿಂದ ಮೂರು ಒಲೆ ಹೊಗೆ ನೋಡಿದೆ, ನೋಡಿಯೂ ಸೊನ್ನೆ ಬರೆದೆ, ಬರ್ಕೊಳ್ಳಿ.

ಚನ್ನರಾಯಪ್ಪನ ಪೆನ್ನು ನಿಂತಿದೆ, ಬರೆಯಲಾ ಬೇಡವಾ ಎಂದು ಸಾಹೇಬರ ಕಡೆ ನೋಡುತ್ತಿದ್ದಾನೆ, ಅವರು ನನ್ನ ಕಡೆ, ಮೇಡಂ, ಇದು ನಿಮ್ಮ ಮೇಲೆ ಬರುತ್ತೆ, ಮೇಲಕ್ಕೆ ಹೋಗುತ್ತೆ, ಗೊತ್ತಲ್ವಾ. ಗೊತ್ತು ಸಾರ್. ಕಥೆ ಅಲ್ವಲ್ಲ ಇದೂ, ಎಂದರು. ನಾನು ಹೊಗೆಯ ಮೂರು ಎಳೆಯನ್ನು ಕಣ್ಣೊಳಗೆ ಎಣಿಸಿದೆ, ಕಿತ್ತುಹೋದ ಬಾರು, ಕಲ್ಲು, ಬಿಸಿಲು, ಇಲ್ಲ, ಇದರಲ್ಲಿ ಯಾರೂ ಕುದುರೆ ಸೇರಿಸಿಲ್ಲ, ಇದನ್ನು ಯಾರಿಗೂ ಹೇಳಿಯೇ ಇರಲಿಲ್ಲವಲ್ಲ, ಇದು ಇದ್ದ ಹಾಗೇ ಇದೆ. ಅಲ್ಲ ಸಾರ್. ಬರ್ಕೊಳ್ಳಿ ಚನ್ನರಾಯಪ್ಪ, ಗುಂಡಿ ಕೆಲಸ ನಿಲ್ಸೋಕ್ಕೂ ಒಂದು ಕಾಗ್ದ ಹಾಕಿ, ಸೋಮವಾರ ನಾನೇ ಹೋಗಿ ನೋಡ್ತೀನಿ, ಎಂದರು ಸಾಹೇಬರು. ಸಹಿ ಹಾಕಿದೆ, ದುಂಡಗೆ. ಕದಿರಪ್ಪನ ಮುಂದೆ ಮಸಿಯ ಡಬ್ಬಿ ತೆರೆದರು, ಒತ್ತಿದ, ಹೆಬ್ಬೆಟ್ಟನ್ನು ಗಾಳಿಯಲ್ಲಿ ಹಿಡಿದುಕೊಂಡೇ ನನ್ನ ಜೊತೆ ಹೊರಗೆ ಬಂದ, ಅವನ ಮುಖ ನೋಡಲು ಧೈರ್ಯ ಸಾಲದೆ ಗೋಡೆ ನೋಡಿದೆ. ಎಪ್ಪತ್ತೊಂದರಾಗೆ ಮೂರೇ ಮನೆ ಟೀಚರಮ್ಮ, ಎಂದ, ಮೆಲ್ಲಗೆ, ಬೈಗುಳವಿಲ್ಲದ ದನಿಯಲ್ಲಿ, ಒಂದು ನಮ್ದು, ನೀವು ಬರ್ತೀರ ಅಂತ ಯಾರೋ ಹೇಳಿದ್ರು, ಬರೆಸ್ಕೊಳ್ಳೋಣ ಅಂತ ಎಲ್ರೂ ಹೊಲಕ್ಕೆ ಹೋಗ್ದೆ ಮನೇಲೇ ಕೂತಿದ್ವಿ, ಬರ್ಲಿಲ್ಲ, ಸರಿ ಒಲೆ ಹಚ್ಚಿದ್ವಿ. ಹೇಳಿ, ಗೋಡೆಯಲ್ಲಿ ಜಾಗ ಹುಡುಕಿ, ಒರೆಸಿದ. ಕಾಯುತ್ತಾ ಕೂತಿದ್ದರು, ಒಳಗೆ, ಬಾಗಿಲಿನ ಕಡೆಗೆ ಮುಖ ಮಾಡಿ, ಕೂತವರ ಎದುರಿಗೆ ಬಾಗಿಲು, ಬಾಗಿಲ ಪಕ್ಕಕ್ಕೆ ಗೂಡು, ಗೂಡಿನ ಮೇಲಕ್ಕೆ ಮಸಿ, ಮಸಿಯಲ್ಲಿ ಬಿಳಿ ಗೀರು, ನನ್ನ ಬೆರಳಿನಷ್ಟೇ ಅಗಲ.